ಕೂವ್ರೆ ಗ್ರಾಮದ ಅಂಧ ಬಾಲಕ ಲೂಯಿ ಬ್ರೈಲ್

ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್‌ನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕೂವ್ರೆ ಎಂಬ ಗ್ರಾಮವಿದೆ. ಅಲ್ಲಿ ಕುದುರೆಗಳ ಜೀನು, ಲಗಾಮುಗಳನ್ನು ಹೊಲಿದು ಜೀವಿಸುತ್ತಿದ್ದ ಕುಟುಂಬವೊಂದರಲ್ಲಿ 1809ರ ಜನವರಿ 4ರಂದು ಲೂಯಿ ಬ್ರೈಲ್ ಜನಿಸಿದನು. ಮೂರು ವರ್ಷದ ಮಗು ತಂದೆಯ ಕೆಲಸದ ಕೋಣೆಯಲ್ಲಿ ಹರಿತವಾದ ಉಪಕರಣವೊಂದನ್ನು ಹಿಡಿದು ಆಡುತ್ತಿರುವಾಗ ಅದು ಕಣ್ಣಿಗೆ ತಗುಲಿತು. ಗಾಯದ ನಂಜು ಇನ್ನೊಂದು ಕಣ್ಣಿಗೂ ವ್ಯಾಪಿಸಿ, ಐದು ವರ್ಷ ತುಂಬುವಷ್ಟರಲ್ಲಿ ಬಾಲಕನು ಸಂಪೂರ್ಣ ಅಂಧನಾದನು.

ಆ ಕಾಲದಲ್ಲಿ ಇಂತಹ ಮಕ್ಕಳ ಪಾಲಿಗೆ ಬಹುತೇಕ ಉಳಿಯುತ್ತಿದ್ದುದು ಭಿಕ್ಷಾಟನೆಯೊಂದೇ. ಆದರೆ 1815ರಲ್ಲಿ ಕೂವ್ರೆಗೆ ವಿಚಾರಣಾ ಗುರುಗಳಾಗಿ ಬಂದ ಜಾಕ್ ಪಾಲ್ವಿ ಸ್ವಾಮಿಗಳು ಬಾಲಕನನ್ನು ಗುರುಮನೆಗೆ ಕರೆಸಿ ತಾವೇ ಬೋಧಿಸತೊಡಗಿದರು. ಅನಂತರ ಊರಿನ ಶಾಲೆಯಲ್ಲಿ ಕಣ್ಣುಳ್ಳ ಮಕ್ಕಳ ನಡುವೆಯೇ ಅವನಿಗೆ ಸ್ಥಳ ದೊರಕಿಸಿದರು. ಶಿಕ್ಷಕ ಬೆಶೆರೆಯವರೂ ಮನಸಾರೆ ಸ್ವೀಕರಿಸಿದರು. ಕೇಳಿದ್ದನ್ನೆಲ್ಲ ಲೂಯಿ ಕಂಠಪಾಠ ಮಾಡುತ್ತಿದ್ದನು. ಪ್ರಶ್ನೆಗಳಿಗೆ ಚುರುಕಾಗಿ ಉತ್ತರಿಸುತ್ತಿದ್ದನು. ಆದರೆ ಉಳಿದವರು ಪುಸ್ತಕ ತೆರೆದು ಲೇಖನಿ ಹಿಡಿದೊಡನೆ ಅವನ ಪಾಠ ಮುಗಿಯುತ್ತಿತ್ತು. ಶಾಲೆಯ ಬಾಗಿಲು ತೆರೆದಿತ್ತು, ಪುಸ್ತಕ ಮಾತ್ರ ತೆರೆದಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ನಿವೇದಿಸಿಕೊಳ್ಳಬೇಕಾಗಿದೆ. ಗುರುದೀಕ್ಷೆ ಪಡೆದ ಹೊಸದರಲ್ಲಿ ನಾನು ಸೇವೆಗಿದ್ದ ಧರ್ಮಕೇಂದ್ರದ ಶಾಲೆಗೆ ದೃಷ್ಟಿಯಿಲ್ಲದ ಬಾಲಕನೊಬ್ಬನನ್ನು ಸೇರಿಸಿಕೊಂಡು, ಆ ಸಂಗತಿಯನ್ನು ಭಾನುವಾರದ ಪ್ರಬೋಧನೆಯಲ್ಲಿ ಅಭಿಮಾನದಿಂದ ಹೇಳಿದ್ದೆನು. ಎರಡು ವರ್ಷ ಅವನು ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದನು. ಅವನ ಕೈಯಲ್ಲಿ ಒಂದು ಪುಸ್ತಕವೂ ಇಲ್ಲವೆಂಬುದು ನನ್ನ ಗಮನಕ್ಕೇ ಬರಲಿಲ್ಲ. ಮೂರನೆಯ ವರ್ಷ ಅವನು ಬರಲಿಲ್ಲ.

ಪಾಲ್ವಿ ಸ್ವಾಮಿಗಳು ನನಗಿಂತ ಸೂಕ್ಷ್ಮದೃಷ್ಟಿಯವರು. ಅವರ ಪ್ರಯತ್ನದಿಂದಲೂ ಊರಿನ ಶ್ರೀಮಂತರೊಬ್ಬರ ಶಿಫಾರಸಿನಿಂದಲೂ 1819ರ ಫೆಬ್ರವರಿಯಲ್ಲಿ ಹತ್ತು ವರ್ಷದ ಲೂಯಿಗೆ ಪ್ಯಾರಿಸ್‌ನ ಅಂಧ ಬಾಲಕರ ಶಾಲೆಯಲ್ಲಿ ಪ್ರವೇಶ ದೊರೆಯಿತು. ಅಲ್ಲಿಯೂ ಪುಸ್ತಕಗಳು ಕೆಲವೇ. ಸಾಮಾನ್ಯ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಮುದ್ರಿಸಿದ ಆ ಭಾರವಾದ ಹೊತ್ತಗೆಗಳಲ್ಲಿ ಅಕ್ಷರದ ಮೇಲೆ ಅಕ್ಷರ ತಡಕಬೇಕಿತ್ತು. ಅವುಗಳಿಂದ ಬರೆಯಲು ಕಲಿಯುವಂತಿರಲಿಲ್ಲ. 1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿಯು ಹನ್ನೆರಡು ಉಬ್ಬುಚುಕ್ಕೆಗಳ ಲಿಪಿಯನ್ನು ಶಾಲೆಗೆ ಪರಿಚಯಿಸಿದನು. ಅದರಲ್ಲಿ ಕಾಗುಣಿತವಿಲ್ಲ, ವಿರಾಮಚಿಹ್ನೆಗಳಿಲ್ಲ. ಒಂದು ಬೆರಳ ತುದಿಗೆ ಅದು ದಕ್ಕುತ್ತಲೂ ಇರಲಿಲ್ಲ. ಲೂಯಿ ಅದನ್ನು ಆರು ಚುಕ್ಕೆಗಳಿಗೆ ಇಳಿಸಿದನು. 1824ರಲ್ಲಿ ಲಿಪಿ ಒಂದು ರೂಪಕ್ಕೆ ಬಂದಾಗ ಅವನಿಗೆ ಹದಿನೈದು ವರ್ಷ. 1829ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಯಿತು. ಸಂಗೀತವನ್ನೂ ಅದರಲ್ಲಿ ಬರೆಯಬಹುದಾಗಿತ್ತು. ಅದೇ ಶಾಲೆಯಲ್ಲಿ ಉಪಾಧ್ಯಾಯರಾದ ಲೂಯಿಯವರು ಪ್ಯಾರಿಸ್‌ನ ಸಂತ ನಿಕೋಲಾಸರ ದೇವಾಲಯದಲ್ಲಿ ಆರ್ಗನ್ ವಾದಕರೂ ಆಗಿದ್ದರು.

ಆದರೆ 1840ರಲ್ಲಿ ಅಧಿಕಾರ ವಹಿಸಿಕೊಂಡ ಹೊಸ ನಿರ್ದೇಶಕರು ಈ ಲಿಪಿಯನ್ನು ನಿಷೇಧಿಸಿದರು. ಕಣ್ಣುಳ್ಳವರಿಗೆ ತಿಳಿಯದ ಲಿಪಿಯು ಅಂಧರನ್ನು ಸಮಾಜದಿಂದ ಬೇರ್ಪಡಿಸುವುದೆಂಬ ವಾದ ಅಂದಿನದು. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಸ್ವತಃ ಲೂಯಿಯವರೇ ಈ ಕೊರತೆಯನ್ನು ಅರಿತು, ಅಂಧರು ಚುಕ್ಕೆಗಳಿಂದಲೇ ಸಾಮಾನ್ಯ ಅಕ್ಷರಗಳನ್ನು ಮೂಡಿಸಿ ಮನೆಯವರಿಗೆ ಪತ್ರ ಬರೆಯಬಲ್ಲ ಇನ್ನೊಂದು ವಿಧಾನವನ್ನು 1839ರಲ್ಲೇ ಪ್ರಕಟಿಸಿದ್ದರು. ಇತ್ತ ವಿದ್ಯಾರ್ಥಿಗಳು ಆರು ಚುಕ್ಕೆಗಳನ್ನು ಗುಟ್ಟಾಗಿ ಕಲಿಯುತ್ತಲೇ ಇದ್ದರು. ನಿಷೇಧವು ನಿಲ್ಲಲಿಲ್ಲ, 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಂದು ಸಾರ್ವಜನಿಕರ ಮುಂದೆಯೇ ಲಿಪಿಯ ಪ್ರದರ್ಶನ ನಡೆಯಿತು.

ಇಂದು ನಮ್ಮ ದೇಶದಲ್ಲಿ 2016ರ ಅಧಿನಿಯಮವು ಅಂಗವಿಕಲ ಮಕ್ಕಳಿಗೂ ಸಾಮಾನ್ಯ ಶಾಲೆಯ ಬಾಗಿಲನ್ನು ತೆರೆಸುತ್ತದೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಿಂದಾಗಿ ಕನ್ನಡವನ್ನೂ ಆರು ಚುಕ್ಕೆಗಳಲ್ಲಿ ಓದಬಹುದು. ಆ ಪುಸ್ತಕ ಜೂನ್ ತಿಂಗಳಲ್ಲಿ ಇತರ ಮಕ್ಕಳ ಪುಸ್ತಕಗಳೊಡನೆಯೇ ಮಗುವಿನ ಕೈ ಸೇರಿತೇ, ಅದನ್ನು ಕಲಿಸಬಲ್ಲ ಶಿಕ್ಷಕರು ಇದ್ದಾರೆಯೇ ಎಂಬುದನ್ನು ಶಾಲೆ ನಡೆಸುವ ನಾವು ವಿಚಾರಿಸಬೇಕು.

ದೀರ್ಘಕಾಲ ಕ್ಷಯರೋಗದಿಂದ ಬಳಲಿದ ಲೂಯಿಯವರು 1852ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ತಮ್ಮ 43ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಎರಡು ವರ್ಷಗಳ ತರುವಾಯ ಅವರ ಶಾಲೆಯೇ ಆ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿತು. 1952ರಲ್ಲಿ ಫ್ರೆಂಚ್ ಸರ್ಕಾರವು ಅವರ ಪಾರ್ಥಿವ ಅವಶೇಷಗಳನ್ನು ಪ್ಯಾರಿಸ್‌ನ ರಾಷ್ಟ್ರೀಯ ಸ್ಮಾರಕ ಪ್ಯಾಂಥಿಯನ್‌ಗೆ ಸಾಗಿಸಿತು. ಕೈಗಳನ್ನು ಮಾತ್ರ ಕೂವ್ರೆಯ ಸಮಾಧಿಯಲ್ಲಿಯೇ ಉಳಿಸಿಕೊಳ್ಳಲಾಯಿತು.