ತಾಯಿ-ಮಗುವಿನ ವೈದ್ಯೆ

ಅರಳಗುಪ್ಪೆಯ ನಮ್ಮ ಮನೆಯಲ್ಲಿ ಅಕ್ಕನ ಬಾಣಂತನ ನಡೆದಾಗ, ಗೋಡೆಯ ಗೂಡಿನಲ್ಲಿ ಎಣ್ಣೆಯ ಬಟ್ಟಲ ಪಕ್ಕದಲ್ಲೇ ಅನುಪಮಾ ನಿರಂಜನರ ‘ತಾಯಿ-ಮಗು’ ಇರುತ್ತಿತ್ತು. ಬಾಣಂತಿಗೆ ನೀರು ಕೊಡಬಾರದೆಂಬುದು ಅಜ್ಜಿಯ ಕಟ್ಟಳೆ. ಅಕ್ಕ ಬಾಯಾರಿ ಕಂಗೆಟ್ಟಳು. ಪುಸ್ತಕ ಓದಿ ಧೈರ್ಯ ತಂದುಕೊಂಡಿದ್ದ ಅಮ್ಮ ಡಾಕ್ಟರನ್ನು ಕೇಳಿಬಂದು, ಚೊಂಬು ತುಂಬ ನೀರು ಕೊಟ್ಟಳು. ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವ ಕೆಲಸ ಮಾತ್ರ ಅಜ್ಜಿಯ ಕೈಯಲ್ಲೇ ಉಳಿಯಿತು.

ಆ ಲೇಖಕಿ ಹುಟ್ಟಿದ್ದು 1934ರಲ್ಲಿ, ತೀರ್ಥಹಳ್ಳಿಯಲ್ಲಿ. ಮೊದಲ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಓದಿ, 1956ರಲ್ಲಿ ಕಾದಂಬರಿಕಾರ ನಿರಂಜನರ ಕೈಹಿಡಿದು, ಧಾರವಾಡ ಬೆಂಗಳೂರುಗಳಲ್ಲಿ ರೋಗಿಗಳನ್ನು ನೋಡುತ್ತಲೇ ಬರೆದರು. ಪಿಸುದನಿಯಲ್ಲಿ ಆಡುತ್ತಿದ್ದ ಬಸುರು-ಹೆರಿಗೆಗಳ ಮಾತನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿದ್ದು ಸಣ್ಣ ಸಾಹಸವಲ್ಲ.

ತರಗತಿಯಲ್ಲಿ ನಾನು ಪಾಠ ಹೇಳಿದ್ದು ಅವರ ‘ಮಾಧವಿ’ಯನ್ನು. ಗಾಲವನ ಗುರುದಕ್ಷಿಣೆಯ ಕುದುರೆಗಳಿಗಾಗಿ ಯಯಾತಿಯ ಮಗಳು ನಾಲ್ವರಿಗೆ ಗಂಡುಮಕ್ಕಳನ್ನು ಹೆತ್ತುಕೊಟ್ಟ ಭಾರತದ ಕಥೆ ಅದು. ಹೆತ್ತವಳ ಮೈಯನ್ನಾಗಲಿ ಮನಸ್ಸನ್ನಾಗಲಿ ಅಲ್ಲಿ ವಿಚಾರಿಸಿದವರಿಲ್ಲ. ಅದನ್ನು ವಿಚಾರಿಸಲು ಹೆರಿಗೆಯನ್ನು ಬಲ್ಲ ವೈದ್ಯೆಯೇ ಬರಬೇಕಾಯಿತೆಂದು ನನಗೆ ತೋರುತ್ತದೆ. ವಿಮರ್ಶಕರು ಈ ಎರಡು ಪುಸ್ತಕಗಳನ್ನು ಬೇರೆಬೇರೆ ಕಪಾಟಿನಲ್ಲಿಡುವುದು ನನಗೆ ಒಪ್ಪಿಗೆಯಿಲ್ಲ.

ಕ್ಯಾನ್ಸರಿನೊಡನೆ ಸೆಣಸಿ 1991ರಲ್ಲಿ ಅವರು ತೀರಿಕೊಂಡರು. ಅಕ್ಕನ ಮಗಳು ಬಸುರಿಯಾದಾಗ ನಮ್ಮ ಎಣ್ಣೆಗಲೆಯ ಪ್ರತಿ ತಿಪಟೂರಿಗೆ ಹೋಯಿತು, ಇನ್ನೂ ಹಿಂದಿರುಗಿಲ್ಲ.