ಎರಡು ಬಾಗಿಲಿನ ಮನೆಯ ಕಾದಂಬರಿಕಾರ

ಪ್ಯಾರಿಸ್‌ನ ಪಾಸ್ಸಿ ಎಂಬಲ್ಲಿ ಒಂದು ಹಳೆಯ ಮನೆಯಿದೆ. ಇಳಿಜಾರಿನಲ್ಲಿ ಕಟ್ಟಿದ್ದರಿಂದ ಅದಕ್ಕೆ ಮೇಲಿನ ಬೀದಿಗೊಂದು, ಕೆಳಗಿನ ಓಣಿಗೊಂದು ದಾರಿ. 1840ರಿಂದ 1847ರವರೆಗೆ ಅಲ್ಲಿ ಬಾಡಿಗೆಗಿದ್ದಾತ ಮನೆಯನ್ನು ತನ್ನ ಹೆಸರಿನಲ್ಲಿ ಹಿಡಿದಿರಲಿಲ್ಲ, ಮನೆ ನೋಡಿಕೊಳ್ಳುತ್ತಿದ್ದ ಹೆಂಗಸಿನ ಹೆಸರಿನಲ್ಲಿ ಹಿಡಿದಿದ್ದ. ಸಾಲ ಕೊಟ್ಟವರು ಒಂದು ಬಾಗಿಲು ತಟ್ಟಿದರೆ ಇನ್ನೊಂದರಿಂದ ಪಾರಾಗಬಹುದಿತ್ತು. ಇಂದು ಅದೇ ಮನೆ ಅವನ ಹೆಸರಿನ ಮ್ಯೂಸಿಯಂ. ಅವನೇ ಆನೊರೆ ಡಿ ಬಾಲ್ಜಾಕ್. ಹಣ ಮನುಷ್ಯನನ್ನು ಹೇಗೆಲ್ಲ ಆಡಿಸುತ್ತದೆ ಎಂದು ಅವನಷ್ಟು ವಿವರವಾಗಿ ಬರೆದ ಕಾದಂಬರಿಕಾರರು ಕಡಿಮೆ. ಅಷ್ಟು ಗೊತ್ತಿದ್ದವನೇ ಜೀವನಪೂರ್ತಿ ಸಾಲದಲ್ಲಿ ಮುಳುಗಿದ್ದ. ಅವನ ಕತೆ ನನ್ನನ್ನು ಹಿಡಿದದ್ದು ಈ ಕಾರಣಕ್ಕೆ.

ಬಾಲ್ಜಾಕ್ ಹುಟ್ಟಿದ್ದು 1799ರ ಮೇ 20ರಂದು, ಫ್ರಾನ್ಸ್‌ನ ಟೂರ್ ನಗರದಲ್ಲಿ. ತಂದೆ ರೈತ ಕುಟುಂಬದಿಂದ ಬಂದು ಸರ್ಕಾರಿ ಕೆಲಸದಲ್ಲಿ ಮೇಲೇರಿದವರು. ಮನೆತನದ ಹೆಸರು ಬಾಲ್ಸಾ ಎಂದಿತ್ತು. ತಂದೆ ಅದನ್ನು ಬಾಲ್ಜಾಕ್ ಎಂದು ತಿದ್ದಿಕೊಂಡರು. ಮಗ ಮೂವತ್ತು ದಾಟುವ ಹೊತ್ತಿಗೆ ನಡುವೆ ‘ಡಿ’ ಅಕ್ಷರವನ್ನೂ ಸೇರಿಸಿಕೊಂಡ. ಫ್ರಾನ್ಸ್‌ನಲ್ಲಿ ಆ ಒಂದಕ್ಷರ ಕುಲೀನ ಮನೆತನದ ಗುರುತು.

ಎಂಟು ವರ್ಷದವನಿದ್ದಾಗ ಹಾಸ್ಟೆಲ್ ಶಾಲೆಗೆ ಹೋದ. ಆರು ವರ್ಷ ಅಲ್ಲಿದ್ದ, ತಾಯಿ ನೋಡಲು ಬಂದದ್ದೇ ಅಪರೂಪ. ಆಮೇಲೆ ಪ್ಯಾರಿಸ್‌ನಲ್ಲಿ ಕಾನೂನು ಓದಿದ, ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ ಕೆಲಸ ಮಾಡಿದ. ಆಸ್ತಿ ಜಗಳ, ವಿಲ್ಲು, ವರದಕ್ಷಿಣೆ ಕರಾರು, ದಿವಾಳಿ ಕಡತಗಳನ್ನೆಲ್ಲ ಹತ್ತಿರದಿಂದ ಕಂಡದ್ದು ಅಲ್ಲಿಯೇ. 1819ರಲ್ಲಿ ತಾನು ಬರಹಗಾರನಾಗುತ್ತೇನೆ ಎಂದು ಮನೆಯಲ್ಲಿ ಹೇಳಿದ. ಮನೆಯವರು ಬೈದರೂ ಒಂದು ಅಟ್ಟದ ಕೋಣೆ ಹಿಡಿಯಲು ದುಡ್ಡು ಕೊಟ್ಟರು. ಅಲ್ಲಿ ಕೂತು ಪದ್ಯದಲ್ಲಿ ನಾಟಕ ಬರೆದ. ಅದನ್ನು ಓದಿದ ಪ್ರಾಧ್ಯಾಪಕರೊಬ್ಬರು, ಈ ಹುಡುಗ ಸಾಹಿತ್ಯ ಬಿಟ್ಟು ಬೇರೇನಾದರೂ ಮಾಡಲಿ ಎಂಬ ಅಭಿಪ್ರಾಯ ಕೊಟ್ಟರು.

ಸುಳ್ಳು ಹೆಸರುಗಳಲ್ಲಿ ಕೆಲವು ಅಗ್ಗದ ಕಾದಂಬರಿ ಬರೆದ ಮೇಲೆ ಅವನು ಹೊರಳಿದ್ದು ವ್ಯಾಪಾರಕ್ಕೆ. 1825ರಲ್ಲಿ ಪ್ರಕಾಶನ ಶುರು ಮಾಡಿದ. ಮರುವರ್ಷ ಮುದ್ರಣಾಲಯ, ಅದರ ಮರುವರ್ಷ ಅಚ್ಚುಮೊಳೆ ಎರಕ ಹೊಯ್ಯುವ ಕಾರ್ಖಾನೆ. ಒಂದರ ನಷ್ಟ ತುಂಬಲು ಇನ್ನೊಂದು. 1828ರಲ್ಲಿ ಎಲ್ಲ ಕುಸಿದು ಬಿದ್ದಾಗ ಉಳಿದದ್ದು ಸುಮಾರು 60,000 ಫ್ರಾಂಕ್ ಸಾಲ. ಅದರ ಬಹುಪಾಲು ಹೆತ್ತ ತಾಯಿಯದು.

60,000 ಎಂದರೆ ಎಷ್ಟು? ಲೆಕ್ಕ ಅವನ ಕಾದಂಬರಿಯಲ್ಲೇ ಇದೆ. ‘ಫಾದರ್ ಗೋರಿಯೊ’ದಲ್ಲಿ ರಾಸ್ತಿನ್ಯಾಕ್ ಎಂಬ ಕಾನೂನು ವಿದ್ಯಾರ್ಥಿ ಬರುತ್ತಾನೆ, ವಯಸ್ಸು ಹೆಚ್ಚುಕಡಿಮೆ ನಮ್ಮದೇ. ಹಳ್ಳಿಯಲ್ಲಿರುವ ಅವನ ಇಡೀ ಮನೆಯ ವರಮಾನ ವರ್ಷಕ್ಕೆ ಸುಮಾರು 3,000 ಫ್ರಾಂಕ್. ಅಂದರೆ ಬಾಲ್ಜಾಕ್‌ನ ಸಾಲ ಅಂಥ ಕುಟುಂಬವೊಂದರ ಇಪ್ಪತ್ತು ವರ್ಷದ ದುಡಿಮೆ. ಆಗ ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಆ 3,000ದಲ್ಲಿ 1,200 ರಾಸ್ತಿನ್ಯಾಕ್‌ನ ಓದಿಗೆ ಹೋಗುತ್ತಿರುತ್ತದೆ. ದೊಡ್ಡವರ ಮನೆಗಳಿಗೆ ಹೋಗಿಬರಲು ಒಳ್ಳೆಯ ಬಟ್ಟೆ, ಕೈಗವಸು ಬೇಕೆನಿಸಿದಾಗ ಅವನು ಇನ್ನೂ 1,200 ಕಳಿಸುವಂತೆ ತಾಯಿಗೆ ಕಾಗದ ಬರೆಯುತ್ತಾನೆ, ಅಪ್ಪನಿಗೆ ಹೇಳಬೇಡ ಎಂದೂ ಸೇರಿಸುತ್ತಾನೆ. ಮನೆಯವರು ಇದ್ದಬದ್ದ ಬೆಲೆಬಾಳುವ ವಸ್ತು ಮಾರುತ್ತಾರೆ. ತಂಗಿಯರು ಕೂಡಿಟ್ಟ ಪುಡಿಗಾಸನ್ನೂ ಕಳಿಸುತ್ತಾರೆ. ತಾಯಿಯ ಉತ್ತರ ಓದಿ ಅವನು ಅಳುತ್ತಾನೆ. ಆಮೇಲೆ ದರ್ಜಿಯನ್ನು ಕರೆಸುತ್ತಾನೆ.

ಅದೇ ಕಾದಂಬರಿಯ ಮುದುಕ ಗೋರಿಯೊ ಶಾವಿಗೆ ವ್ಯಾಪಾರದಲ್ಲಿ ಶ್ರೀಮಂತನಾಗಿದ್ದವನು. ಇಬ್ಬರು ಹೆಣ್ಣುಮಕ್ಕಳನ್ನು ದೊಡ್ಡ ಮನೆಗಳಿಗೆ ಕೊಟ್ಟು, ಇದ್ದುದನ್ನೆಲ್ಲ ಅವರಿಗೇ ಸುರಿಯುತ್ತಾನೆ. ತಾನಿರುವ ವಸತಿಗೃಹದಲ್ಲಿ ಒಳ್ಳೆಯ ಕೋಣೆ ಬಿಟ್ಟು ವರ್ಷ ವರ್ಷಕ್ಕೂ ಒಂದೊಂದು ಮಹಡಿ ಮೇಲಕ್ಕೆ, ಕಡಿಮೆ ಬಾಡಿಗೆಯ ಕೋಣೆಗೆ ಹೋಗುತ್ತಾನೆ. ಮಕ್ಕಳಿಗೆ ತನ್ನ ಮೇಲೆ ಪ್ರೀತಿಯಿದೆ ಎಂದು ಮಾತ್ರ ನಂಬಿಕೊಂಡೇ ಇರುತ್ತಾನೆ. ಅವನ ಶವಯಾತ್ರೆಗೆ ಮಕ್ಕಳ ಮನೆಯಿಂದ ಬರುವುದು ಖಾಲಿ ಸಾರೋಟುಗಳು.

ತಮಗೆ ತಾವೇ ಸುಳ್ಳು ಹೇಳಿಕೊಳ್ಳುವ ಇಂಥವರನ್ನು ಬಾಲ್ಜಾಕ್ ಸಾಲುಸಾಲಾಗಿ ಸೃಷ್ಟಿಸಿದ. ‘ಹ್ಯೂಮನ್ ಕಾಮೆಡಿ’ ಎಂದು ಅವನು ಒಟ್ಟು ಹೆಸರಿಟ್ಟ ತೊಂಬತ್ತರಷ್ಟು ಕೃತಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪಾತ್ರಗಳಿವೆ. ‘ಲಾಸ್ಟ್ ಇಲ್ಯೂಷನ್ಸ್’ನ ಲೂಸಿಯನ್ ಎಂಬ ಕವಿ, ಅಪ್ಪನ ಸಾಮಾನ್ಯ ಹೆಸರು ಬಿಟ್ಟು ‘ಡಿ’ ಇರುವ ತಾಯಿಯ ಮನೆತನದ ಹೆಸರಿಗಾಗಿ ಹಾತೊರೆಯುತ್ತಾನೆ. ಅವನ ಭಾವ ಮುದ್ರಣಾಲಯ ನಡೆಸಿ ಸಾಲಕ್ಕೆ ಸಿಲುಕುತ್ತಾನೆ. ಎರಡೂ ಬಾಲ್ಜಾಕ್‌ನ ಬದುಕೇ.

ಹಾಗಾದರೆ ಅವನಿಗೆ ತನ್ನ ಬಗ್ಗೆ ಗೊತ್ತಿರಲಿಲ್ಲವೇ? 1837ರ ಕೊನೆಯಲ್ಲಿ ‘ಸೀಸರ್ ಬಿರೊಟೊ’ ಪ್ರಕಟವಾಯಿತು. ಸುಗಂಧ ದ್ರವ್ಯದ ಅಂಗಡಿ ಚೆನ್ನಾಗಿ ನಡೆಯುತ್ತಿರುವಾಗಲೇ ಜಮೀನಿನ ವ್ಯವಹಾರಕ್ಕೆ ಕೈಹಾಕಿ, ಅಂತಸ್ತು ತೋರಿಸಲು ಭಾರಿ ಔತಣ ಮಾಡಿ ದಿವಾಳಿಯಾಗುವ ವ್ಯಾಪಾರಿಯ ಕತೆ ಅದು. ಅದೇ ವರ್ಷ ಬಾಲ್ಜಾಕ್ ಪ್ಯಾರಿಸ್ ಹೊರವಲಯದ ಸೆವ್ರ್‌ನಲ್ಲಿ ಸಾಲ ಮಾಡಿ ಜಾಗ ಕೊಂಡ. ಗಾಜಿನ ಮನೆ ಕಟ್ಟಿ ಅನಾನಸ್ ಬೆಳೆದು ಶ್ರೀಮಂತನಾಗುವ ಯೋಜನೆ ಹಾಕಿದ. ಕೊನೆಗೆ ಅದನ್ನು ಭಾರಿ ನಷ್ಟಕ್ಕೆ ಬಿಡಬೇಕಾಯಿತು. 1838ರಲ್ಲಿ ಸಾರ್ಡೀನಿಯ ದ್ವೀಪಕ್ಕೆ ಹೋದ. ರೋಮನ್ನರ ಕಾಲದ ಗಣಿಗಳ ಕಸದಿಂದ ಬೆಳ್ಳಿ ತೆಗೆಯುವ ಆಸೆಯಿಂದ. ಅವನು ಹಿಂದಿನ ವರ್ಷ ಯಾರೊಂದಿಗೆ ಈ ವಿಷಯ ಮಾತಾಡಿದ್ದನೋ ಆ ವ್ಯಾಪಾರಿಯೇ ಅಷ್ಟರಲ್ಲಿ ಪರವಾನಗಿ ಪಡೆದಾಗಿತ್ತು.

ಎಂಜಿನಿಯರಿಂಗ್ ಓದುವ ನಮಗೆ ಇಲ್ಲೊಂದು ಕುತೂಹಲದ ವಿಷಯವಿದೆ. ಅವನ ಐಡಿಯಾಗಳು ಕೆಟ್ಟವಾಗಿರಲಿಲ್ಲ. ಅವನು ಕೈಬಿಟ್ಟ ಅಚ್ಚುಮೊಳೆ ಕಾರ್ಖಾನೆ ಬೇರೆಯವರ ಕೈಯಲ್ಲಿ ಲಾಭದಲ್ಲಿ ನಡೆಯಿತು. ತಪ್ಪುತ್ತಿದ್ದುದು ಲೆಕ್ಕ. ಬರಲಿರುವ ಹಣವನ್ನು ಬಂದ ಹಣವೆಂದೇ ಬರೆದುಕೊಳ್ಳುತ್ತಿದ್ದ. ಬರೆಯದ ಕಾದಂಬರಿಗೆ ಮುಂಗಡ ಪಡೆದು, ಆ ಮುಂಗಡವನ್ನು ಸಾರೋಟಿಗೆ, ನೀಲಿ ಹರಳು ಕೂರಿಸಿದ ಊರುಗೋಲಿಗೆ ಖರ್ಚು ಮಾಡುತ್ತಿದ್ದ. ದೊಡ್ಡವರ ನಡುವೆ ದೊಡ್ಡವನಂತೆ ಕಂಡರೆ ಮಾತ್ರ ದೊಡ್ಡವನಾಗಲು ಸಾಧ್ಯ ಎಂಬುದು ಅವನ ನಂಬಿಕೆ. ಪ್ಲೇಸ್‌ಮೆಂಟ್ ಆಗುವ ಮೊದಲೇ ಇಎಂಐನಲ್ಲಿ ದುಬಾರಿ ಫೋನ್ ಕೊಳ್ಳುವಾಗ ನಾವು ಹೇಳಿಕೊಳ್ಳುವ ಸಮಾಧಾನವೂ ಹೆಚ್ಚುಕಡಿಮೆ ಇದೇ.

ಆದರೆ ಅವನು ಸೋಮಾರಿಯಾಗಿರಲಿಲ್ಲ. ಸಂಜೆ ಮಲಗಿ ಮಧ್ಯರಾತ್ರಿ ಏಳುತ್ತಿದ್ದ. ಬಿಳಿ ನಿಲುವಂಗಿ ತೊಟ್ಟು, ಕಪ್ ಮೇಲೆ ಕಪ್ ಕಾಫಿ ಕುಡಿಯುತ್ತ ಬೆಳಗಿನವರೆಗೆ ಬರೆಯುತ್ತಿದ್ದ. ಅಚ್ಚಿನ ಕರಡು ಬಂದರೆ ಅಂಚಿನಲ್ಲಿ ಮತ್ತೆ ಕಾದಂಬರಿಯನ್ನೇ ಬರೆಯುತ್ತಿದ್ದ. ಆ ತಿದ್ದುಪಡಿಯ ಖರ್ಚು ಅವನ ಸಂಭಾವನೆಯನ್ನೇ ತಿನ್ನುತ್ತಿತ್ತು. ಸಾಲವೇ ಅವನಿಂದ ಇಷ್ಟೆಲ್ಲ ಬರೆಸಿತು ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಬೆಲೆಯನ್ನು ತೆತ್ತವನು ಅವನೊಬ್ಬನೇ ಅಲ್ಲ. ಗಂಡ ತೀರಿಕೊಂಡ ಮೇಲೆ ಆಸರೆಯಾಗಬೇಕಿದ್ದ ತಾಯಿಯ ಹಣ ಮಗನ ಸಾಲದಲ್ಲಿ ಹೋಗಿತ್ತು.

1832ರಲ್ಲಿ ಉಕ್ರೇನಿನ ಕಡೆಯಿಂದ ಹೆಸರಿಲ್ಲದ ಓದುಗಳೊಬ್ಬಳ ಕಾಗದ ಬಂತು. ಬರೆದವಳು ಪೋಲೆಂಡ್ ಮೂಲದ ಜಮೀನ್ದಾರಿ ಮನೆತನದ ಎವೆಲಿನಾ ಹಾನ್ಸ್ಕಾ. ಹದಿನೆಂಟು ವರ್ಷದ ಪತ್ರವ್ಯವಹಾರದ ನಂತರ, 1850ರ ಮಾರ್ಚ್‌ನಲ್ಲಿ ಅವರಿಬ್ಬರ ಮದುವೆಯಾಯಿತು. ಅವಳಿಗಾಗಿ ಅವನು ಪ್ಯಾರಿಸ್‌ನಲ್ಲಿ ಅದ್ದೂರಿ ಮನೆ ಸಜ್ಜು ಮಾಡಿಸಿದ್ದ, ಅದಕ್ಕೂ ಹೊಸ ಸಾಲ. ಮದುವೆಯ ನಂತರ ಆ ಮನೆಯಲ್ಲಿ ಅವನು ಬಾಳಿದ್ದು ಕೆಲವೇ ತಿಂಗಳು, ಅದೂ ಕಾಯಿಲೆಯಲ್ಲಿ. ಆಗಸ್ಟ್ 18ರಂದು ತೀರಿಕೊಂಡಾಗ ವಯಸ್ಸು 51. ವಿಕ್ಟರ್ ಹ್ಯೂಗೊ ಸಮಾಧಿಯ ಬಳಿ ನಿಂತು ಮಾತಾಡಿದ. ತಾಯಿ ಇನ್ನೂ ಬದುಕಿದ್ದರು.

ಅವನ ಬಿರೊಟೊ ಸಾಯುವ ಮೊದಲು ತನ್ನ ಸಾಲದ ಕೊನೆಯ ಕಾಸನ್ನೂ ತೀರಿಸುತ್ತಾನೆ. ಬಾಲ್ಜಾಕ್‌ನ ಸಾಲ ತೀರಿಸಿದ್ದು ಹೆಂಡತಿ, ಅವನು ಸತ್ತ ಮೇಲೆ. ಅವನನ್ನು ಮಣ್ಣು ಮಾಡಿದ್ದು ಪ್ಯಾರಿಸ್‌ನ ಪೆರ್ ಲಾಶೇಸ್ ಸ್ಮಶಾನದಲ್ಲಿ. ಗೋರಿಯೊನನ್ನೂ ಅವನು ಅಲ್ಲಿಯೇ ಮಣ್ಣು ಮಾಡಿಸಿದ್ದ.

‘ಫಾದರ್ ಗೋರಿಯೊ’ ಇಂಗ್ಲಿಷ್ ಅನುವಾದದಲ್ಲಿ ಸುಲಭವಾಗಿ ಸಿಗುತ್ತದೆ. ಸೆಮಿಸ್ಟರ್ ರಜೆಯಲ್ಲಿ ಪೂರ್ತಿ ಓದಲು ಆಗದಿದ್ದರೂ ರಾಸ್ತಿನ್ಯಾಕ್‌ಗೆ ತಾಯಿಯ ಕಾಗದ ಬರುವ ಪುಟಗಳನ್ನಾದರೂ ಓದಿ. ಮನೆಯಿಂದ ತಿಂಗಳಿಗೆ ದುಡ್ಡು ತರಿಸಿಕೊಳ್ಳುವ ಯಾರಿಗೂ ಆ ಪುಟಗಳನ್ನು ಸುಮ್ಮನೆ ತಿರುವಿಹಾಕಲು ಆಗುವುದಿಲ್ಲ.