ಹೆರ್ಮನ್ ಮೋಗ್ಲಿಂಗ್ ಅಯ್ಯನವರೂ ಅವರ ಮನೆಗೆ ಬಂದವರೂ

ನಮ್ಮ ನಂಜನಗೂಡಿನ ಕಪಿಲೆಯು ಹರಿದುಹೋಗಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುವ ಸ್ಥಳವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಒಂದು ಹೊಳೆಯು ವಯನಾಡಿನ ಬೆಟ್ಟಗಳಿಂದಲೂ ಮತ್ತೊಂದು ಕೊಡಗಿನ ಬೆಟ್ಟಗಳಿಂದಲೂ ಇಳಿದುಬರುತ್ತದೆ. ಮೊದಲು ಮಂಗಳೂರಿನಲ್ಲಿಯೂ ತರುವಾಯ ಆ ಕೊಡಗಿನಲ್ಲಿಯೂ ಕೆಲಸಮಾಡಿದ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಅವರ ಹೆಸರು ಹೆರ್ಮನ್ ಮೋಗ್ಲಿಂಗ್. ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದವರೆಂದು ಅವರನ್ನು ಶಾಲೆಯ ಮಕ್ಕಳು ಸಹ ಬಲ್ಲರು. ಮಂಗಳೂರ ಸಮಾಚಾರವು 1843ನೆಯ ಇಸವಿ ಜುಲೈ 1ರಂದು ಹೊರಟದ್ದರಿಂದ ಆ ದಿವಸವನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆದರೆ ಪತ್ರಿಕೆಯ ವಿಷಯವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾವು ಅವರ ಮನೆಯ ಬಾಗಿಲಿನ ವಿಷಯವನ್ನು ಬರೆಯುತ್ತೇವೆ. ಯಾಕಂದರೆ ಹೊಸಬರನ್ನು ಸೇರಿಸಿಕೊಳ್ಳುವ ಪಾಠವನ್ನು ನಮ್ಮ ಸೀಮೆಯ ಸಭೆಗಳು ಇನ್ನೂ ಪೂರ್ತಿಯಾಗಿ ಕಲಿತಿಲ್ಲ, ಹೇಳಿಕೊಡುವ ನಾವೂ ಕಲಿತಿಲ್ಲ.

ಮೋಗ್ಲಿಂಗ್ ಅಯ್ಯನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ನೆಯ ಇಸವಿ ಮೇ 29ರಂದು ಹುಟ್ಟಿದರು. ಟ್ಯೂಬಿಂಗನ್ ವಿದ್ಯಾಲಯದಲ್ಲಿ ದೇವಜ್ಞಾನಶಾಸ್ತ್ರವನ್ನು ಓದಿ, ಸ್ವದೇಶದಲ್ಲಿ ಸುಖವಾಗಿ ಪಾದ್ರಿಯಾಗಿರಬಹುದಾಗಿದ್ದರೂ ಅದನ್ನು ಬಿಟ್ಟು, ಬಾಸೆಲ್ ಮಿಶನಿನವರನ್ನು ಸೇರಿ, 1836ರಲ್ಲಿ ಈ ದೇಶಕ್ಕೆ ಬಂದರು. ಬಾಸೆಲಿನ ಮೊದಲನೆಯ ಮೂವರು ಮಿಶನರಿಗಳು ಮಂಗಳೂರಿನಲ್ಲಿ ಕಾಲಿಟ್ಟು ಆಗ ಎರಡು ವರುಷಗಳು ಮಾತ್ರ ಆಗಿದ್ದವು.

ಮಂಗಳೂರಿನಲ್ಲಿ ಅವರಿಗೆ ಹುಡುಗರ ಶಾಲೆಯ ಕೆಲಸವು ಬಂತು. 1840ರಲ್ಲಿ ಕಲೆಕ್ಟರ್ ಬ್ಲೇರ್ ದೊರೆಗಳು ಬಲ್ಮಠದ ಗುಡ್ಡವನ್ನು ಮಿಶನಿಗೆ ದಾನವಾಗಿ ಕೊಟ್ಟರು. ಆ ಗುಡ್ಡದ ಮೇಲೆ ಅಯ್ಯನವರು ತಮಗೊಂದು ಬಂಗಲೆ, ಹುಡುಗರಿಗೊಂದು ಕೊಟ್ಟಿಗೆ ಎಂದು ಭೇದಮಾಡದೆ ಹುಡುಗರ ಸಂಗಡಲೇ ವಾಸಿಸಿದರು. ಅವರ ಸಂಗಡಲೇ ಉಂಡರು. ಈಗಿನವರಿಗೆ ಇದು ದೊಡ್ಡ ಮಾತಾಗಿ ಕಾಣಲಿಕ್ಕಿಲ್ಲ. ಆ ಕಾಲದಲ್ಲಿ ಯುರೋಪಿಯನರು ದೇಶೀಯರ ಮನೆಯಲ್ಲಿ ಉಣ್ಣುವದೂ ಅಪರೂಪ, ದೇಶೀಯರು ಅವರ ಪಂಕ್ತಿಯಲ್ಲಿ ಕೂಡ್ರುವದೂ ಅಪರೂಪ. ಇನ್ನು ದೇಶೀಯರೊಳಗೆ ಒಂದು ಜಾತಿಯವನು ಮತ್ತೊಂದು ಜಾತಿಯವನ ಪಕ್ಕದಲ್ಲಿ ಎಲೆ ಹಾಕಿಸಿಕೊಳ್ಳುವದಂತೂ ಕೇಳಿದರೆ ಕಿವಿ ಮುಚ್ಚಿಕೊಳ್ಳುವಂಥ ಸಂಗತಿ. ಈ ಶಾಲೆಯೇ ಬೆಳೆದು 1847ರಲ್ಲಿ ಉಪದೇಶಿಗಳನ್ನು ತಯಾರಿಸುವ ಸೆಮಿನರಿಯಾಯಿತು.

ಇನ್ನು 1844ನೆಯ ಇಸವಿಯ ಸಂಗತಿ. ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನು ಓದುತ್ತಿದ್ದನು. ಬಹುಕಾಲ ಒಳಗೊಳಗೆ ಹೋರಾಡಿದ ತರುವಾಯ ಅವನು ಜನವರಿ 6ರಂದು ದೀಕ್ಷಾಸ್ನಾನ ಹೊಂದಿದನು. ಅವನ ಜಾತಿಯ ಇನ್ನಿಬ್ಬರು ಯುವಕರು ಸಹ ಅವನ ಸಂಗಡ ಇದ್ದರು. ಊರಲ್ಲಿ ದೊಡ್ಡ ಗದ್ದಲವೆದ್ದಿತು. ತಾಯಿತಂದೆಗಳಿಗೆ ಮಗನು ಬದುಕಿದ್ದೂ ಸತ್ತಂತಾಯಿತು. ಅವರ ದುಃಖವನ್ನು ನಾವು ಹಗುರವಾಗಿ ಎಣಿಸಬಾರದು. ಹೆತ್ತ ಹೊಟ್ಟೆಯ ಉರಿ ಯಾವ ಮತದವರಿಗಾದರೂ ಒಂದೇ. ಅವನ ಹೆಂಡತಿಯು ಅವನ ಹಿಂದೆ ಬರಲಿಲ್ಲ. ಹಿಂದಿನ ಬಳಗದವರಲ್ಲಿಯೇ ಉಳಿದಳು. ಅವನನ್ನು ಸಭೆಯ ಪುಸ್ತಕದಲ್ಲಿ ಬರೆದುಕೊಂಡದ್ದೇನೋ ಸರಿ; ಆ ರಾತ್ರಿ ಅವನು ಮಲಗುವದೆಲ್ಲಿ? ಮಾರಣೆಯ ದಿವಸ ಅವನಿಗೆ ಗಂಜಿ ಬಡಿಸುವವರಾರು? ಹಬ್ಬದ ದಿವಸ ಅವನು ಯಾರನ್ನು ಅಪ್ಪಾ ಎಂದು ಕರೆಯಬೇಕು?

ಮೋಗ್ಲಿಂಗ್ ಅಯ್ಯನವರು ಅವನನ್ನು ಮಗನಂತೆ ತೆಗೆದುಕೊಂಡರು. ದೀಕ್ಷಾಸ್ನಾನದಲ್ಲಿ ಅಯ್ಯನವರ ಸ್ವಂತ ಹೆಸರೇ ಅವನ ಹೆಸರಾಯಿತು, ಹೆರ್ಮನ್ ಆನಂದರಾವ್ ಕೌಂಡಿನ್ಯ. ಅವನ ಹಳೆಯ ಹೆಸರನ್ನೂ ಮನೆತನದ ಹೆಸರನ್ನೂ ತೆಗೆದುಹಾಕಲಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ಅಯ್ಯನವರು ಸ್ವದೇಶಕ್ಕೆ ಹೋದಾಗ ಅವನನ್ನೂ ಕರೆದುಕೊಂಡು ಹೋದರು. ಕೌಂಡಿನ್ಯನು ಬಾಸೆಲಿನಲ್ಲಿ 1846 ಮೊದಲ್ಗೊಂಡು ಓದಿ, 1851ರಲ್ಲಿ ಪಾದ್ರಿಯ ಅಭಿಷೇಕವನ್ನು ಹೊಂದಿ, ಮಂಗಳೂರಿಗೆ ಹಿಂತಿರುಗಿ ಬಂದನು. ಅತಿಥಿಯಾಗಿ ಹೊರಟವನು ಜೊತೆಕೆಲಸದವನಾಗಿ ಬಂದನು.

ದಮಸ್ಕದಲ್ಲಿ ಕುರುಡನಾಗಿ ಬಿದ್ದಿದ್ದ ಸೌಲನ ಬಳಿಗೆ ಅನನೀಯನು ಹೆದರುತ್ತಲೇ ಹೋಗಿ ಕೈಯಿಟ್ಟು ಸಹೋದರನೆಂದು ಕರೆದದ್ದನ್ನು ನೀವು ಓದಿದ್ದೀರಿ. ಯೆರೂಸಲೇಮಿನಲ್ಲಿ ಶಿಷ್ಯರೆಲ್ಲರೂ ಅದೇ ಸೌಲನನ್ನು ನಂಬದೆ ದೂರ ನಿಂತಾಗ ಬಾರ್ನಬನು ಕೈಹಿಡಿದು ಒಳಕ್ಕೆ ಕರೆದುಕೊಂಡು ಹೋದನು. ಅಪೊಸ್ತಲ ಪೌಲನ ಪ್ರಯಾಣಗಳನ್ನು ನಾವು ನಕ್ಷೆಯಲ್ಲಿ ಗೆರೆಯೆಳೆದು ಮಕ್ಕಳಿಗೆ ಕಲಿಸುತ್ತೇವೆ. ಆ ಇಬ್ಬರು ಬಾಗಿಲು ತೆರೆಯದಿದ್ದರೆ ಆ ಗೆರೆಗಳೆಲ್ಲಿರುತ್ತಿದ್ದವು?

ಇಲ್ಲಿ ನಮ್ಮ ಸ್ವಂತ ಸಂಗತಿಯೊಂದನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರುಷಗಳ ಹಿಂದೆ, ನಾವು ಆಗ ಸೇವೆಮಾಡುತ್ತಿದ್ದ ಸಭೆಗೆ ನರಸೀಪುರದ ಕಡೆಯ ಒಂದು ಹಳ್ಳಿಯಿಂದ ಗಂಡಹೆಂಡಿರಿಬ್ಬರು ಎರಡು ಮಕ್ಕಳೊಡನೆ ಬಂದರು. ಬಾಗಿಲ ಹತ್ತಿರ, ಚಪ್ಪಲಿಗಳನ್ನು ಬಿಡುವ ಸ್ಥಳಕ್ಕೆ ಅಂಟಿಕೊಂಡಂತೆ ಕುಳಿತರು. ಮುಂದಿನ ಚಾಪೆಗಳೆಲ್ಲ ಹಳೇ ಮನೆತನದವರವು, ಯಾರೂ ಸರಿಯಲಿಲ್ಲ. ಅವರಿಗೆ ಓದು ಬಾರದೆಂದು ತಾವೇ ತೀರ್ಮಾನಿಸಿಕೊಂಡು ಯಾರೂ ಕೀರ್ತನೆಯ ಪುಸ್ತಕವನ್ನು ಕೊಡಲಿಲ್ಲ. ಆ ಗಂಡಸು ಏಳನೆಯ ತರಗತಿಯ ವರೆಗೆ ಓದಿದವನೆಂದು ಆಮೇಲೆ ತಿಳಿಯಿತು. ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮತಮ್ಮ ನೆಂಟರೊಂದಿಗೆ ಮಾತಿಗೆ ನಿಂತರು. ನಾವಾದರೋ ಕಾಣಿಕೆಯ ಹಣವನ್ನು ಎಣಿಸಿ ಲೆಕ್ಕ ಬರೆಯುವದರಲ್ಲಿದ್ದೆವು. ಮೂರು ಭಾನುವಾರ ಬಂದರು, ನಾಲ್ಕನೆಯದಕ್ಕೆ ಬರಲಿಲ್ಲ. ಎರಡು ತಿಂಗಳಾದ ಮೇಲೆ ನಂಜನಗೂಡಿನ ಸಂತೆಯಲ್ಲಿ ಅವನನ್ನು ಕಂಡೆವು. ಮರ್ಯಾದೆಯಿಂದ ಕೈಮುಗಿದು, ಹೊಲದ ಕೆಲಸ ಹೆಚ್ಚಾಗಿದೆಯೆಂದು ಹೇಳಿದನು, ದೂರು ಹೇಳಲಿಲ್ಲ. ಆ ದೇವಾಲಯದವರಿಗೆ ಮಾತು ಬರುವದಿಲ್ಲವೋ ಎಂದು ತನ್ನ ಚಿಕ್ಕ ಮಗಳು ಕೇಳಿದಳೆಂದು ನಗುತ್ತಾ ಹೇಳಿದನು. ನಾವು ನಗಲಾರದೆ ಹೋದೆವು. ಆಮೇಲೂ ತಡಮಾಡಿ, ಒಂದು ದಿವಸ ಅವರ ಊರನ್ನು ಹುಡುಕಿಕೊಂಡು ಹೋದಾಗ ಮನೆಗೆ ಬೀಗ ಹಾಕಿತ್ತು. ಸಂಸಾರಸಮೇತ ಮೈಸೂರಿಗೆ ಗಾರೆಕೆಲಸಕ್ಕೆ ಹೋದರೆಂದು ನೆರೆಯವರು ಹೇಳಿದರು.

ಮೋಗ್ಲಿಂಗ್ ಅಯ್ಯನವರ ಸಭೆಯಲ್ಲಿ ಬಿಷಪರಿರಲಿಲ್ಲವಲ್ಲಾ, ನಮ್ಮ ಕ್ರಮವೇ ಬೇರೆಯಲ್ಲವೋ ಎಂದು ಕೆಲವರು ಕೇಳಬಹುದು. ನಿಜವೇ. ಮೈಸೂರು ಸೀಮೆಯಲ್ಲಿ ಕೆಲಸಮಾಡಿದವರು ವೆಸ್ಲಿಯನ್ ಮಿಶನಿನವರು, ಅವರಲ್ಲಿಯೂ ಬಿಷಪರಿರಲಿಲ್ಲ. 1947ನೆಯ ಇಸವಿ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಐಕ್ಯವಾಗಿ ಸ್ಥಾಪಿತವಾದಾಗ ಆಂಗ್ಲಿಕನರೂ ಮೆಥಡಿಸ್ಟರೂ ಇತರರೂ ಬಿಷಪರ ಆಳ್ವಿಕೆಯ ಕೆಳಗೆ ಒಂದಾದರು. ತೆಂಕಣ ಕನ್ನಡದ ಬಾಸೆಲ್ ಸಭೆಗಳು ತರುವಾಯ ಬಂದು ಸೇರಿದವು. ಇಂದು ಬಲ್ಮಠದ ಸಭೆಗೂ ಮೈಸೂರು ಸೀಮೆಯ ನಮ್ಮ ಸಭೆಗಳಿಗೂ ಕರ್ನಾಟಕ ದಕ್ಷಿಣ ಸಭಾಪ್ರಾಂತದ ಒಬ್ಬರೇ ಬಿಷಪರು. ಅವರು ಬಂದು ಹೊಸಬರ ಮೇಲೆ ಕೈಯಿಟ್ಟು ಪ್ರಾರ್ಥಿಸುವ ದಿವಸ ಹಳ್ಳಿಗೆ ಹಬ್ಬವೇ ಸರಿ. ತೋರಣ ಕಟ್ಟುತ್ತೇವೆ, ಪಾಯಸ ಮಾಡುತ್ತೇವೆ. ಆದರೆ ಅಂಥ ದಿವಸವು ಎಷ್ಟು ವರುಷಕ್ಕೊಮ್ಮೆ ಬರುತ್ತದೆ! ಮಿಕ್ಕ ಭಾನುವಾರಗಳಲ್ಲಿ ಹೊಸಬನ ಪಕ್ಕದಲ್ಲಿ ಕೂಡ್ರಬೇಕಾದವರು ಚಾಪೆಯ ಮೇಲಿರುವವರೇ.

ಚರಿತ್ರೆಗೆ ಹಿಂದಿರುಗೋಣ. ಕ್ರೈಸ್ತನಾದವನಿಗೆ ಕುಲದ ಕಸಬೂ ಊರಿನ ಕೂಲಿಯೂ ತಪ್ಪಿಹೋಗುತ್ತಿದ್ದವು. ಈ ಕಷ್ಟಕ್ಕಾಗಿ ಬಾಸೆಲ್ ಮಿಶನಿನವರು ಅಚ್ಚುಕೂಟವನ್ನೂ ನೇಯ್ಗೆಯ ಶಾಲೆಯನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ನಡಿಸಿದರು. ಅದರ ಮಾದರಿಯ ಹೆಂಚುಗಳು ಮಂಗಳೂರು ಹೆಂಚುಗಳೆಂಬ ಹೆಸರಿನಿಂದ ನಮ್ಮ ಊರುಗಳ ಮನೆಗಳ ಮೇಲೆಯೂ ಕೂತಿವೆ; ಒಬ್ಬ ಹೊಸಬನ ಹೊಟ್ಟೆಯ ಚಿಂತೆಯು ಆ ಕೆಂಪು ಮಣ್ಣಿನಲ್ಲಿ ಸೇರಿದೆಯೆಂದು ಎಷ್ಟು ಮಂದಿ ಬಲ್ಲರು?

ಅಯ್ಯನವರು ಕನ್ನಡ ಕವಿಗಳ ಗ್ರಂಥಗಳನ್ನು ಕೂಡಿಸಿ, ಜಡ್ಜಿಯಾಗಿದ್ದ ಕಾಸಮೇಜರ್ ದೊರೆಗಳ ಸಹಾಯದಿಂದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮುಂತಾದವುಗಳನ್ನು ಅಚ್ಚುಹಾಕಿಸಿದರು. ಪಾದ್ರಿಗೆ ಇದೇಕೆಂದು ಆಗಲೂ ಕೇಳಿದವರಿರಬಹುದು. ನಮ್ಮ ಎಣಿಕೆಯಲ್ಲಿ ಇದು ಸಹ ಬಾಗಿಲು ತೆರೆಯುವ ಕೆಲಸವೇ. ಹೊಸಬನು ಯಾವ ಹಾಡುಗಳನ್ನು ಕೇಳಿ ಬೆಳೆದನೆಂದು ತಿಳಿಯದವನು ಅವನ ಸಂಗಡ ಏನು ಮಾತಾಡಬಲ್ಲನು?

1852ರ ಕಡೆಯಲ್ಲಿ ಅಯ್ಯನವರ ಶರೀರವು ಬಹಳ ಕುಗ್ಗಿ, ಯುರೋಪಿಗೆ ಹಿಂತಿರುಗುವದಕ್ಕೆ ಸಿದ್ಧರಾಗಿದ್ದಾಗ, ಕೊಡಗಿನ ಆಲ್ಮಂಡ ಮನೆತನದ ಸೋಮಯ್ಯ ಎಂಬವನು ದೀಕ್ಷಾಸ್ನಾನವನ್ನು ಅಪೇಕ್ಷಿಸಿ ಮಂಗಳೂರಿಗೆ ಬಂದನು. ಅಷ್ಟು ಅಸ್ವಸ್ಥರಾದವರು ಅವನನ್ನು ಬೇರೊಬ್ಬರಿಗೆ ಒಪ್ಪಿಸಿ ಹಡಗು ಹತ್ತಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವರು ಹತ್ತಲಿಲ್ಲ. 1853ರಲ್ಲಿ ಸೋಮಯ್ಯನು ಸ್ತೆಫನನೆಂಬ ಹೆಸರನ್ನು ಹೊಂದಿದನು. ಅಖಾಯ ಸೀಮೆಯ ಪ್ರಥಮಫಲವಾದ ಕೊರಿಂಥದ ಮನೆಯವನ ಹೆಸರು ಅದೇ ಎಂದು ವಾಚಕರಿಗೆ ನೆನಪಿರುವದು. ಅವನ ಬಂಧುಗಳು ಅವನನ್ನು ಹೊರಗಿಟ್ಟರು. ಬಾಸೆಲಿನ ಕಮಿಟಿಯ ಯೋಜನೆಯಲ್ಲಿ ಆಗ ಕೊಡಗು ಇರಲಿಲ್ಲ. ಆದರೂ ಅಯ್ಯನವರು ಮಂಗಳೂರನ್ನು ಬಿಟ್ಟು, ಘಟ್ಟ ಹತ್ತಿ, ಆಲ್ಮಂಡಕ್ಕೆ ಹೋಗಿ, ಹೊರಗಿಡಲ್ಪಟ್ಟ ಆ ಒಂದು ಮನೆಯವರ ಸಮೀಪದಲ್ಲಿ ನೆಲೆಸಿದರು. ಅಲ್ಲಿಂದ ಕೊಡಗಿನ ಕೆಲಸವು ಪ್ರಾರಂಭವಾಯಿತು. ಕೆಲವು ವರುಷಗಳಾದ ಮೇಲೆ ಮಿಶನಿನವರು ಅದನ್ನು ತಮ್ಮದಾಗಿ ವಹಿಸಿಕೊಂಡರು. ಹೊಸಬನು ನಮ್ಮ ಬಳಿಗೆ ಬರಲಿ ಎಂದು ಕಾಯುವದು ಒಂದು. ಹೊಸಬನಿದ್ದಲ್ಲಿಗೆ ಮೂಟೆ ಕಟ್ಟಿಕೊಂಡು ಹೋಗುವದು ಬೇರೆ.

ಕೊಡಗಿನಲ್ಲಿ ಆಗ ಭೂಮಿಯಿಲ್ಲದೆ ಒಡೆಯರ ಗದ್ದೆಗಳಲ್ಲಿ ತಲೆತಲಾಂತರದಿಂದ ಆಳುಗಳಂತೆ ದುಡಿಯುತ್ತಿದ್ದ ಜನರಿದ್ದರು. ಆ ಕಾಲದ ಬರಹಗಳು ಅವರನ್ನು ಹೊಲೆಯರೆಂದು ಕರೆಯುತ್ತವೆ. ನಮ್ಮ ಸೀಮೆಯ ಸಭೆಗಳಲ್ಲಿ ಅನೇಕರ ಅಜ್ಜಂದಿರು ಕೇಳಿ ಸಹಿಸಿಕೊಂಡ ಹೆಸರು ಅದು. ಇವರಲ್ಲಿ ಕೆಲವರು ಸುವಾರ್ತೆಯನ್ನು ಕೇಳಿ ಬಂದಾಗ, ಅವರಿಗೆ ನೆಲೆಯನ್ನು ಕಲ್ಪಿಸುವದಕ್ಕೆ ಕಾಡುಭೂಮಿಯನ್ನು ತೆಗೆದುಕೊಂಡು ಕಾಫಿ ತೋಟವನ್ನು ಮಾಡಿಸಿ ಊರು ಕಟ್ಟಿಸಿದವರು ಕೌಂಡಿನ್ಯ ಅಯ್ಯನವರು. ಊರಿಗೆ ಆನಂದಪುರವೆಂದು ಹೆಸರಾಯಿತು. 1844ರ ಜನವರಿಗೆ ಮುಂಚೆ ಇಂಥವರ ನೆರಳು ಬಿದ್ದರೆ ಸ್ನಾನಮಾಡಬೇಕೆಂದು ಕಲಿತಿದ್ದ ಕುಲದಲ್ಲಿ ಹುಟ್ಟಿದವರು, ಈಗ ಅವರ ಸಂಗಡ ಒಂದೇ ರೊಟ್ಟಿಯಲ್ಲಿ ಪಾಲುಗಾರರಾದರು. ಬಲ್ಮಠದ ಗುಡ್ಡದ ಮೇಲೆ ತಮಗೆ ಸಿಕ್ಕಿದ ಊಟವನ್ನು ಅವರು ಮರೆಯಲಿಲ್ಲವೆಂದು ನಾವು ಭಾವಿಸುತ್ತೇವೆ. ಎಲ್ಲವೂ ಸುಲಭವಾಗಿ ನಡೆಯಿತೆಂದು ಎಣಿಸಬೇಡಿರಿ. ಹಳೇ ಅಭ್ಯಾಸವು ದೀಕ್ಷಾಸ್ನಾನದ ನೀರಿನಲ್ಲಿ ಒಂದೇ ಸಾರಿ ತೊಳೆದುಹೋಗುವದಿಲ್ಲ. ಈಗಲೂ ನಮ್ಮ ಮದುವೆಯ ಮಾತುಕತೆಗಳಲ್ಲಿ ಅದು ಮೊದಲನೆಯ ಪ್ರಶ್ನೆಯಾಗಿ ಏಳುವದನ್ನು ನಾವು ಕೇಳುತ್ತಿದ್ದೇವೆ.

ಟ್ಯೂಬಿಂಗನ್ ವಿದ್ಯಾಲಯದವರು ಕನ್ನಡದ ಸೇವೆಗಾಗಿ ಮೋಗ್ಲಿಂಗ್ ಅಯ್ಯನವರಿಗೆ 1858ರಲ್ಲಿ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿದರು. 1860ರಲ್ಲಿ ಅವರು ಯುರೋಪಿಗೆ ಹೊರಟುಹೋದರು. ತಿರಿಗಿ ಈ ದೇಶವನ್ನು ನೋಡಲಿಲ್ಲ. 1881ನೆಯ ಇಸವಿ ಮೇ 10ರಂದು ಎಸ್‌ಲಿಂಗನ್ ಎಂಬ ಊರಿನಲ್ಲಿ ನಿದ್ರೆಹೋದರು. ಕೌಂಡಿನ್ಯ ಅಯ್ಯನವರು ಅವರಿಗಿಂತ ಹನ್ನೆರಡು ವರುಷ ಹೆಚ್ಚಾಗಿ ಬದುಕಿ 1893ರಲ್ಲಿ ತೀರಿಕೊಂಡರು.

ಬಲ್ಮಠದ ಗುಡ್ಡದ ಮೇಲೆ ಆ ಸೆಮಿನರಿಯ ಸಂತತಿಯಾದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇಂದಿಗೂ ಇದೆ. ನಾವು ಓದಿದ್ದು ಅಲ್ಲಿಯೇ. ಮೊದಲನೆಯ ರಾತ್ರಿ ತಗಡಿನ ಪೆಟ್ಟಿಗೆಯನ್ನು ಹಿಡಿದುಕೊಂಡು ಊಟದ ಮನೆಯ ಬಾಗಿಲಲ್ಲಿ, ಎಲ್ಲಿ ಕೂಡ್ರಬೇಕೆಂದು ತಿಳಿಯದೆ ನಿಂತಿದ್ದೆವು. ಉಡುಪಿಯ ಕಡೆಯ ಒಬ್ಬ ವಿದ್ಯಾರ್ಥಿಯು ನಮ್ಮ ಹೆಸರನ್ನಾಗಲಿ ಊರನ್ನಾಗಲಿ ಕೇಳದೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟನು. ಬಡಿಸಿದ್ದು ಕುಚ್ಚಲಕ್ಕಿಯ ಗಂಜಿ. ರಾಗಿಮುದ್ದೆ ಉಂಡು ಬೆಳೆದ ನಮಗೆ ಅದು ಸ್ವಲ್ಪವೂ ರುಚಿಸಲಿಲ್ಲ. ಆದರೂ ಅವನು ನೋಡುತ್ತಿದ್ದಾನೆಂದು ಎರಡು ಬಟ್ಟಲು ಕುಡಿದೆವು.